ಹೊಳೆ ದಂಡೆಯ ವಾರ್ಡು

ಹರಿಹರದಲ್ಲಿ ನಗರಸಭೆ ಚುನಾವಣೆಗೆ ನಿಲ್ಲುವವರ ಮುಂದೆ ಒಂದು ಕಷ್ಟದ ಪ್ರಶ್ನೆ ಇರುತ್ತದೆ. ಹೊಳೆ ಇಲ್ಲದ ಊರುಗಳಲ್ಲಿ ಅದು ಇಷ್ಟು ಎದ್ದು ಕಾಣುವುದಿಲ್ಲ. ನಾವು ಕುಡಿಯುವುದು ತುಂಗಭದ್ರೆಯ ನೀರು. ಅದು ನಮ್ಮ ತನಕ ಹೇಗೆ ಬರಬೇಕು ಅನ್ನುವುದು ಮೇಲಿನ ಊರುಗಳ ಕೈಯಲ್ಲಿದೆ. ನಾವು ಬಳಸಿ ಬಿಟ್ಟ ನೀರು ಏನಾಯಿತು ಅನ್ನುವುದು ಕೆಳಗಿನ ಊರುಗಳಿಗೆ ಗೊತ್ತು. ಮೇಲಿನವರಿಗೂ ನಮ್ಮ ವಾರ್ಡಿನಲ್ಲಿ ಓಟಿಲ್ಲ, ಕೆಳಗಿನವರಿಗೂ ಇಲ್ಲ. ಹಾಗಾದರೆ ಇಲ್ಲಿ ಗೆದ್ದು ಕೂತವರು ಯಾರ ಪರವಾಗಿ ಮಾತಾಡಬೇಕು?

ಕೆಲವು ವರ್ಷಗಳ ಹಿಂದೆ ನಾನು ಪಕ್ಷೇತರ ಅಭ್ಯರ್ಥಿಯಾಗಿ ನಿಂತಿದ್ದೆ. ಗೆಲ್ಲಲಿಲ್ಲ. ಓಣಿ ಓಣಿ ತಿರುಗುವಾಗ ತಲೆಗೆ ಹೊಕ್ಕ ಈ ಪ್ರಶ್ನೆ ಮಾತ್ರ ಇನ್ನೂ ಬಿಟ್ಟಿಲ್ಲ.

ಮೊದಲು ಊರಿನ ಲೆಕ್ಕ ಹೇಳಿಬಿಡುತ್ತೇನೆ. 2011ರ ಜನಗಣತಿಯಲ್ಲಿ ಹರಿಹರದ ಜನಸಂಖ್ಯೆ 83 ಸಾವಿರದಷ್ಟಿತ್ತು. ವಾರ್ಡುಗಳು 31. ಭಾಗಿಸಿದರೆ ಒಂದು ವಾರ್ಡಿಗೆ ಸರಾಸರಿ 2,700 ಜನ. ಅದರಲ್ಲಿ ಮಕ್ಕಳನ್ನು ಬಿಡಿ, ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದವರನ್ನು ಬಿಡಿ. ಮತಗಟ್ಟೆಗೆ ಬರುವವರು ಇನ್ನೂ ಕಡಿಮೆ. ಒಂದು ಓಣಿ ಮುನಿಸಿಕೊಂಡರೆ ಫಲಿತಾಂಶವೇ ತಿರುಗಿಬಿಡುತ್ತದೆ. ಇಷ್ಟು ಸಣ್ಣ ಲೆಕ್ಕ ಆದ್ದರಿಂದಲೇ ಮೆಂಬರ್ ಅಂದರೆ ಎಲ್ಲರಿಗೂ ಗೊತ್ತಿರುವ ಮನುಷ್ಯ. ಬೆಳಿಗ್ಗೆ ಆರಕ್ಕೇ ಅವರ ಮನೆ ಬಾಗಿಲು ಬಡಿಯಬಹುದು. ಎಂಎಲ್‌ಎ ಹತ್ತಿರ ಹೇಳಿಕೊಳ್ಳಲು ಆಗದ್ದನ್ನು ಮೆಂಬರ್ ಹತ್ತಿರ ಹೇಳಿಕೊಳ್ಳಬಹುದು. ಪ್ರಜಾಪ್ರಭುತ್ವದಲ್ಲಿ ನನಗೆ ತುಂಬಾ ಪ್ರೀತಿಯ ಜಾಗ ಇದೇ.

ನನ್ನದು ಹೊಲಿಗೆ ಅಂಗಡಿ. ಅಪ್ಪ ಇದೇ ಊರಿನ ಲೇಥ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅದು ಮುಚ್ಚಿದ ಮೇಲೆ ನಮ್ಮ ಓಣಿಯ ಎಷ್ಟೋ ಮನೆಗಳಲ್ಲಿ ಹೆಂಗಸರು ದುಡಿಯುವುದಕ್ಕೆ ಶುರು ಮಾಡಿದರು. ನಾನೂ ಹಾಗೇ ಮಷಿನ್ ಮುಂದೆ ಕೂತವಳು. ಬ್ಲೌಸಿನ ಅಳತೆ ಕೊಡಲು ಬಂದವರು ನೀರಿನ ಮಾತು ಎತ್ತದೆ ಹೋಗುತ್ತಿರಲಿಲ್ಲ. ಯಾವ ಓಣಿಗೆ ಎಷ್ಟು ದಿನಕ್ಕೊಮ್ಮೆ ನಲ್ಲಿ ಬಿಡುತ್ತಾರೆ, ಯಾರ ಮನೆ ಮುಂದೆ ಚರಂಡಿ ಕಟ್ಟಿಕೊಂಡಿದೆ, ಯಾರ ಖಾತೆ ಬದಲಾವಣೆ ಎಲ್ಲಿ ಸಿಕ್ಕಿಕೊಂಡಿದೆ, ಎಲ್ಲವೂ ಅಂಗಡಿಗೆ ಬರುತ್ತಿತ್ತು. ವಾರ್ಡು 'ಸಾಮಾನ್ಯ ಮಹಿಳೆ' ಅಂತ ಮೀಸಲಾತಿ ಪಟ್ಟಿ ಬಂದಾಗ, ನೀನೇ ನಿಲ್ಲು ಅಂತ ಮೊದಲು ಹೇಳಿದ್ದು ಅದೇ ಹೆಂಗಸರು.

ನಾಮಪತ್ರ ಹಾಕುವುದು ಜನ ಅಂದುಕೊಂಡಷ್ಟು ಕಷ್ಟ ಅಲ್ಲ. ವಯಸ್ಸು 21 ಆಗಿರಬೇಕು. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಸೂಚಕರು ಬೇಕು, ಠೇವಣಿ ಕಟ್ಟಬೇಕು, ಆಸ್ತಿ, ಸಾಲ, ಕೇಸುಗಳ ವಿವರದ ಅಫಿಡವಿಟ್ ಕೊಡಬೇಕು. ಕಷ್ಟ ಇರುವುದು ಚಿಹ್ನೆಯಲ್ಲಿ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಎಲ್ಲರೂ ಸಮ. ನಗರಸಭೆಯಲ್ಲಿ ಹಾಗಲ್ಲ. ಪಕ್ಷದವರ ಗುರುತು ಹುಟ್ಟಿದ ಮಗುವಿಗೂ ಗೊತ್ತಿರುತ್ತದೆ. ಪಕ್ಷೇತರರಿಗೆ ಚಿಹ್ನೆ ಸಿಗುವುದು ನಾಮಪತ್ರ ವಾಪಸ್ ಪಡೆಯುವ ದಿನ ಮುಗಿದ ಮೇಲೆ. ಉಳಿದ ಸ್ವಲ್ಪವೇ ದಿನಗಳಲ್ಲಿ ಮುಖ, ಹೆಸರು, ಗುರುತು ಮೂರನ್ನೂ ಜನರ ತಲೆಯಲ್ಲಿ ಕೂರಿಸಬೇಕು. ಓದು ಬರಹ ಬಾರದ ಅಜ್ಜಿಯೊಬ್ಬರು ನನ್ನ ಕರಪತ್ರವನ್ನು ದೇವರ ಗೂಡಿನ ಪಕ್ಕ ಅಂಟಿಸಿಕೊಂಡಿದ್ದರು. ಮತಗಟ್ಟೆಗೆ ಹೋಗುವ ಮುಂಚೆ ಒಂದು ಸಲ ನೋಡಿಕೊಂಡು ಹೋಗುತ್ತೇನೆ ಅಂದರು. ಆ ಅಜ್ಜಿಯ ಶ್ರದ್ಧೆಗೆ ನಾನು ಇವತ್ತಿಗೂ ಋಣಿ.

ಮನೆ ಬಾಗಿಲಲ್ಲಿ ಮೊದಲು ಕೇಳುತ್ತಿದ್ದುದು ಒಂದೇ. 'ಯಜಮಾನ್ರು ಬಂದಿಲ್ವೇನಮ್ಮ?' ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಸಂವಿಧಾನ ಕೇಳಿದ್ದು ಮೂರನೇ ಒಂದು ಭಾಗ, ನಮ್ಮ ರಾಜ್ಯ ಅದಕ್ಕಿಂತ ಮುಂದೆ ಹೋಯಿತು. ಆದರೂ ಜನ ಯಜಮಾನರನ್ನು ಹುಡುಕುತ್ತಾರೆ. ಅದಕ್ಕೆ ಕಾರಣವೂ ಇದೆ. ಗೆದ್ದ ಮೇಲೆ ಸದಸ್ಯೆ ಮನೆಯಲ್ಲಿ, ಗಂಡ ನಗರಸಭೆಯಲ್ಲಿ ಅನ್ನುವುದನ್ನು ಅವರು ನೋಡಿದ್ದಾರೆ. ಒಂದು ಮನೆಯ ಹೆಣ್ಣುಮಗಳು ನೇರವಾಗಿ ಕೇಳಿದಳು: 'ಅಕ್ಕಾ, ಗೆದ್ದ ಮೇಲೆ ನೀವು ಸಿಗ್ತೀರಾ, ಇಲ್ಲ ನಿಮ್ಮ ಮನೆಯವರು ಸಿಗ್ತಾರಾ?' ನಾನೇ ಸಿಗುತ್ತೇನೆ ಅಂದೆ. ಪ್ರಚಾರದಲ್ಲಿ ನಾನು ಕೊಟ್ಟ ಮಾತುಗಳಲ್ಲಿ ಇದೇ ದೊಡ್ಡದು ಅಂತ ನನ್ನ ಭಾವನೆ. ನನ್ನ ಮನೆಯವರು ಅಂಗಡಿ ನೋಡಿಕೊಂಡು, ಮಕ್ಕಳಿಗೆ ಅನ್ನ ಮಾಡಿ ಹಾಕಿ, ಪ್ರಚಾರಕ್ಕೆ ಬೇಕೆಂದೇ ಬರಲಿಲ್ಲ. ಅವರಿಗೂ ಓಣಿಯಲ್ಲಿ ಮಾತು ಕೇಳಬೇಕಾಯಿತು.

ದುಡ್ಡಿನ ಬಗ್ಗೆ ಒಂದೇ ಮಾತು ಹೇಳುತ್ತೇನೆ. ಕೇಳುವವರಿದ್ದರು, ಕೊಡುವವರೂ ಇದ್ದರು. ಬಡವರು ಕೇಳಿದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಐದು ವರ್ಷದಲ್ಲಿ ಒಂದು ದಿನ ಮಾತ್ರ ತಮ್ಮ ಕೈಗೆ ಏನೋ ಬರುತ್ತದೆ ಅಂತ ಜನಕ್ಕೆ ಅನ್ನಿಸಿದ್ದರೆ, ಉಳಿದ ದಿನಗಳಲ್ಲಿ ಅವರ ಮಾತಿಗೆ ಬೆಲೆ ಇರಲಿಲ್ಲ ಅಂತಲೇ ಅರ್ಥ.

ಇನ್ನು ಜನ ಏನು ಕೇಳುತ್ತಿದ್ದರು? ನಲ್ಲಿ, ಬೀದಿದೀಪ, ಚರಂಡಿ, ಆಶ್ರಯ ಮನೆ, ಪಿಂಚಣಿ, ಮಗನಿಗೆ ಕೆಲಸ, ಮಗಳ ಮದುವೆಗೆ ಸಹಾಯ. ಎಲ್ಲ ನ್ಯಾಯವಾದ ಕಷ್ಟಗಳೇ. ಆದರೆ ಇದರಲ್ಲಿ ಅರ್ಧ ನಗರಸಭೆಯ ಕೈಯಲ್ಲೇ ಇಲ್ಲ. ನಗರಸಭೆಯ ಕೈಯಲ್ಲಿ ಇರುವ ಇನ್ನೂ ಎಷ್ಟೋ ವಿಷಯಗಳನ್ನು ಯಾರೂ ಕೇಳುತ್ತಿರಲಿಲ್ಲ. ನಗರ ಸಂಸ್ಥೆಗಳಿಗೆ ಅಧಿಕಾರ ಕೊಡುವ ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರ ಜೊತೆ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ನೀರು ಸರಬರಾಜು ಇದೆ, ನೈರ್ಮಲ್ಯ ಇದೆ, ಕೊಳೆಗೇರಿ ಸುಧಾರಣೆ ಇದೆ, ಸ್ಮಶಾನ ಇದೆ. ಎಂಟನೆಯದು ಪರಿಸರ ರಕ್ಷಣೆ. ಅಂದರೆ ಹೊಳೆಯ ವಿಷಯ ಮೆಂಬರಿಗೆ ಸಂಬಂಧ ಇಲ್ಲ ಅಂತ ಯಾರೂ ಹೇಳುವಂತಿಲ್ಲ.

ದುಡ್ಡಿಗೂ ಹೀಗೇ ದಾರಿ ಹಾಕಿದ್ದಾರೆ. 15ನೇ ಹಣಕಾಸು ಆಯೋಗ 2021-22ರಿಂದ 2025-26ರ ತನಕ ನಮ್ಮಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟಿತ್ತು. ಬೇರೆ ಕೆಲಸಕ್ಕೆ ತಿರುಗಿಸುವ ಹಾಗಿರಲಿಲ್ಲ. ಸ್ಥಳೀಯ ಸಂಸ್ಥೆಯ ಸ್ವಂತ ಆದಾಯದಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲಿಡಬೇಕು. ಪ್ರಚಾರಕ್ಕೆ ಹೋದಾಗ ನಾನು ಇಂಥ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗುತ್ತಿದ್ದೆ. 'ಇದು ನಿಮ್ಮ ದುಡ್ಡು, ಮೆಂಬರ್ ಕೈಯಿಂದ ಕೊಡೋದಲ್ಲ' ಅಂದಾಗ ಜನ ಕೂತು ಕೇಳುತ್ತಿದ್ದರು. ಮಂಡಕ್ಕಿ ಕೊಟ್ಟು, ಚಹಾ ಕೊಟ್ಟು, ಇನ್ನೊಂದು ಸಲ ಹೇಳು ಅನ್ನುತ್ತಿದ್ದರು. ಜನಕ್ಕೆ ಇಂಥ ವಿಷಯ ಬೇಡ ಅನ್ನುವ ಮಾತನ್ನು ಆಮೇಲೆ ನಾನು ಯಾವತ್ತೂ ಒಪ್ಪಿಲ್ಲ.

ಈಗ ಹೊಳೆಯ ಮಾತಿಗೆ ಬರುತ್ತೇನೆ.

ತುಂಗೆ, ಭದ್ರೆ ಎರಡೂ ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಸೇರುತ್ತವೆ. ಅಲ್ಲಿಂದ ಹೊನ್ನಾಳಿ ದಾಟಿ ನಮ್ಮಲ್ಲಿಗೆ ಬರುತ್ತವೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ ದೊಡ್ಡದು, 71 ಟಿಎಂಸಿಯಷ್ಟು ನೀರು ಹಿಡಿಯುತ್ತದೆ. ಗಾಜನೂರಿನ ತುಂಗಾ ಅಣೆಕಟ್ಟೆ ಸಣ್ಣದು. ಮಳೆಗಾಲ ಶುರುವಾದ ಸ್ವಲ್ಪ ದಿನಕ್ಕೇ ತುಂಬಿಬಿಡುತ್ತದೆ. ಆಮೇಲೆ ಬಂದ ನೀರನ್ನೆಲ್ಲ ಹೊಳೆಗೆ ಬಿಡಲೇಬೇಕು. ಅದಕ್ಕೇ ಹರಿಹರದಲ್ಲಿ ಒಂದು ಹನಿ ಬೀಳದಿದ್ದರೂ ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಹೊಡೆದರೆ ಇಲ್ಲಿ ಹೊಳೆ ಏರುತ್ತದೆ. ಸೂಳೆಕೆರೆ ಹಳ್ಳವೂ ಇಲ್ಲೇ ಬಂದು ಸೇರುತ್ತದೆ. ಹೊಳೆ ಏರಿದಾಗ ಮೊದಲು ನೀರು ನುಗ್ಗುವುದು ಗಂಗಾನಗರದಂಥ ತಗ್ಗಿನ ಓಣಿಗಳಿಗೆ. ಜನ ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕ ಹೊತ್ತು ಗಂಜಿ ಕೇಂದ್ರಕ್ಕೆ ಹೋಗುತ್ತಾರೆ. ಮೇಲಿನ ಹೊನ್ನಾಳಿಯ ಬಾಲರಾಜ್ ಘಾಟಿನವರಿಗೂ ಇದೇ ಗತಿ. ಎರಡೂ ಊರಿನ ತಗ್ಗಿನ ಮನೆಗಳವರು ಒಂದೇ ರಾತ್ರಿ ನಿದ್ದೆಗೆಡುತ್ತಾರೆ. ಇವರ ಮೆಂಬರುಗಳು ಮಾತ್ರ ಒಟ್ಟಿಗೆ ಕೂತು ಮಾತಾಡಿದ್ದನ್ನು ನಾನು ನೋಡಿಲ್ಲ.

ಬೇಸಿಗೆಯಲ್ಲಿ ಉಲ್ಟಾ. ಹೊಳೆ ಬಂಡೆಗಳ ನಡುವೆ ಸಣ್ಣ ಕಾಲುವೆಯಷ್ಟಾಗುತ್ತದೆ. ಕುಡಿಯುವುದಕ್ಕೆ ಅಂತ ಭದ್ರೆಯಿಂದ ನೀರು ಬಿಡಿಸಬೇಕಾಗುತ್ತದೆ. ದಾವಣಗೆರೆ ನಗರಕ್ಕೂ ಇದೇ ಹೊಳೆಯ ನೀರು, ನಮ್ಮ ತಾಲ್ಲೂಕಿನ ರಾಜನಹಳ್ಳಿಯಿಂದ ಹೋಗುತ್ತದೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ದಾವಣಗೆರೆ, ಹರಿಹರ, ರಾಣೇಬೆನ್ನೂರು, ಬ್ಯಾಡಗಿಗೆ ದಿನದ 24 ಗಂಟೆ ನೀರು ಕೊಡುವ ಜಲಸಿರಿ ಯೋಜನೆ ಬಂತು. ಮೀಟರ್, ಹೊಸ ಪೈಪು, ಹೊಸ ಟ್ಯಾಂಕು ಎಲ್ಲ ಒಳ್ಳೆಯದೇ. ಆದರೆ ಮನೆಗೆ ನೀರು ಜಾಸ್ತಿ ಬಂದಷ್ಟೂ ಮನೆಯಿಂದ ಹೊರಗೆ ಹೋಗುವ ನೀರೂ ಜಾಸ್ತಿ, ಅಲ್ವಾ? ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ನಾನು ಮನೆ ಮನೆಯಲ್ಲಿ ಕೇಳಿದೆ. ಚರಂಡಿಗೆ ಅಂದರು. ಚರಂಡಿ ಎಲ್ಲಿಗೆ ಅಂದೆ. ಅಲ್ಲಿಗೆ ಮಾತು ನಿಲ್ಲುತ್ತಿತ್ತು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಮಲಿನ ನದಿ ಭಾಗಗಳ ಪಟ್ಟಿ ಮಾಡಿತು. ಕರ್ನಾಟಕದ್ದು 17. ಅದರಲ್ಲಿ ತುಂಗಾ ಇದೆ, ಭದ್ರಾ ಇದೆ, ತುಂಗಭದ್ರಾ ಇದೆ. ಮೂರೂ ಇವೆ. ತುಂಗಾ ಪಾನ, ಗಂಗಾ ಸ್ನಾನ ಅಂತ ಹೇಳಿಕೊಂಡು ಬಂದ ನಾಡು ನಮ್ಮದು. ಆ ಪಟ್ಟಿ ಓದಿದಾಗ ನನಗೆ ತಡೆಯಲಾರದಷ್ಟು ದುಃಖ ಆಯಿತು. ಇದು ಒಂದೂರಿನ ತಪ್ಪಲ್ಲ. ಮೇಲಿನ ಊರು ತನ್ನದನ್ನು ನಮಗೆ ಕಳಿಸುತ್ತದೆ, ನಾವು ನಮ್ಮದನ್ನು ಸೇರಿಸಿ ಕೆಳಗೆ ಕಳಿಸುತ್ತೇವೆ. ಹರಿಹರೇಶ್ವರನ ಗುಡಿ 1224ರ ಹೊತ್ತಿನದು, ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಅಂದಿನಿಂದ ಜನ ಇಲ್ಲಿ ಹೊಳೆಯಲ್ಲಿ ಮಿಂದು ಗುಡಿಗೆ ಹೋಗುತ್ತಿದ್ದಾರೆ. ಹೊಳೆಗೆ ಆರತಿ ಎತ್ತುವ ಯೋಜನೆಯೂ ಊರಿಗೆ ಬಂದಿದೆ. ಆರತಿ ಆಗಲಿ, ಸಂತೋಷವೇ. ಆರತಿಯ ಜೊತೆಗೆ ಚರಂಡಿಯ ಲೆಕ್ಕವೂ ಆಗಬೇಕು ಅನ್ನುವುದು ನನ್ನ ಮಾತು.

ಈ ಹೊಳೆ ಯಾವಾಗಲೂ ಗಡಿಯೇ. 1956ಕ್ಕೆ ಮುಂಚೆ ಈಚೆ ದಡ ಮೈಸೂರು ರಾಜ್ಯ, ಆಚೆ ದಡ ಮುಂಬೈ ರಾಜ್ಯ. ಆಮೇಲೆ ಈಚೆ ಚಿತ್ರದುರ್ಗ ಜಿಲ್ಲೆ, ಆಚೆ ಧಾರವಾಡ ಜಿಲ್ಲೆ. 1997ರಿಂದ ಈಚೆ ದಾವಣಗೆರೆ, ಆಚೆ ಹಾವೇರಿ. ಗಡಿಯ ವಸ್ತುವನ್ನು ಎರಡೂ ಕಡೆಯವರು ತಮ್ಮದಲ್ಲ ಅಂದುಬಿಡುವುದು ಸುಲಭ. 1984ರ ಸುಮಾರಿಗೆ ಇಲ್ಲಿಂದ ಕೆಳಗೆ ಹೊಳೆ ನೀರು ಕೆಟ್ಟು ಮೀನುಗಳು ಸತ್ತು ತೇಲಿದಾಗ ಕಷ್ಟ ಬಿದ್ದದ್ದು ಬೆಸ್ತರು, ದಂಡೆಯ ಹಳ್ಳಿಯವರು. ನಿರ್ಧಾರ ಮಾಡುವ ಯಾವ ಸಭೆಯಲ್ಲೂ ಅವರಿಗೆ ಕುರ್ಚಿ ಇರಲಿಲ್ಲ. ಅದಕ್ಕೇ ಬೀದಿಗಿಳಿಯಬೇಕಾಯಿತು, ಕೋರ್ಟಿಗೆ ಹೋಗಬೇಕಾಯಿತು. ಹೋರಾಟಗಾರ ಎಸ್‌.ಆರ್‌. ಹಿರೇಮಠರು ಮತ್ತು ಅವರ ಸಂಘಟನೆಯಾದ ಸಮಾಜ ಪರಿವರ್ತನ ಸಮುದಾಯದವರು ಆ ಜನರ ಜೊತೆ ನಿಂತರು. ನಾನು ಆಗ ಚಿಕ್ಕವಳು. ಮನೆಯಲ್ಲಿ ಸ್ವಲ್ಪ ದಿನ ಮೀನು ತರಬೇಡಿ ಅಂದದ್ದಷ್ಟೇ ನೆನಪು.

ಪ್ರಚಾರದ ನಡುವೆ ಒಂದು ದಿನ ನಾನು ಊರಿನಿಂದ ಕೆಳಗೆ, ಹೊಳೆ ದಂಡೆಯ ಒಂದು ಹಳ್ಳಿಗೆ ಹೋದೆ. ಜೊತೆಯವರು ಬೇಡ ಅಂದರು. 'ಅಲ್ಲಿ ನಮ್ಮ ಓಟಿಲ್ಲ, ಸುಮ್ನೆ ಯಾಕೆ ಹೊತ್ತು ಕಳೀತೀರಿ' ಅಂದರು. ಅಲ್ಲಿ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ನಾನು ಯಾಕೆ ಬಂದೆ ಅಂತ ಕೇಳಿ ತಿಳಿದುಕೊಂಡು ಹೇಳಿದರು: 'ನಿಮ್ಮೂರ ಮೆಂಬರು ಏನ್ ಮಾಡ್ತಾರೋ ಅದು ನಮ್ಮ ಕೊಡಕ್ಕ ಬರ್ತೈತಿ ತಂಗಿ. ಆದ್ರ ನಾವು ಹೇಳಾಣ ಅಂದ್ರ ಯಾರಿಗೆ ಹೇಳ್ಬೇಕು? ಕೇಳಾಕ ಬಂದಿದ್ದು ನೀನೇ ಮೊದ್ಲು.' ಅಲ್ಲಿಂದ ಬಂದ ಮೇಲೆ ನನ್ನ ಭಾಷಣ ಬದಲಾಯಿತು. ನಮಗೆ ಹೊನ್ನಾಳಿಯವರು ಏನು ಮಾಡಬೇಕು ಅಂತ ನಾವು ಬಯಸುತ್ತೇವೋ, ಅದನ್ನೇ ನಾವು ಕೆಳಗಿನವರಿಗೆ ಮಾಡಬೇಕು ಅಂತ ಓಣಿಗಳಲ್ಲಿ ಹೇಳತೊಡಗಿದೆ. ಕೆಲವರಿಗೆ ಹಿಡಿಸಿತು. ಕೆಲವರು ಮೊದಲು ನಮ್ಮ ಮನೆ ಮುಂದಿನ ಚರಂಡಿ ಸರಿ ಮಾಡಿಸು, ಆಮೇಲೆ ಲೋಕದ ಮಾತು ಅಂದರು. ಅವರು ಹೇಳಿದ್ದರಲ್ಲೂ ತಪ್ಪಿಲ್ಲ. ಮನೆ ಮುಂದಿನ ಚರಂಡಿಯೂ ಅದೇ ಹೊಳೆಗೇ ಹೋಗುವುದು, ಹಾಗಾಗಿ ಎರಡೂ ಒಂದೇ ಕೆಲಸ.

ಫಲಿತಾಂಶದ ದಿನದ ಬಗ್ಗೆ ಹೇಳುವುದಕ್ಕೆ ಹೆಚ್ಚಿಲ್ಲ. ಮತಯಂತ್ರದ ಎಣಿಕೆ, ಬೇಗ ಮುಗಿಯಿತು. ಗೆದ್ದವರಿಗೆ ಕೈ ಮುಗಿದು ಮನೆಗೆ ಬಂದೆ. ಸೋತವರೂ ಖರ್ಚಿನ ಲೆಕ್ಕ ಕೊಡಬೇಕು, ಕೊಟ್ಟೆ.

ಗೆದ್ದವರ ಹಾದಿಯೂ ಸುಲಭ ಇಲ್ಲ ಅನ್ನುವುದು ಇಲ್ಲಿ ಹೇಳಲೇಬೇಕು. 2018ರಲ್ಲಿ ಚುನಾವಣೆ ನಡೆದ ರಾಜ್ಯದ ಎಷ್ಟೋ ಊರುಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟಿನಲ್ಲಿ ಸಿಕ್ಕಿಕೊಂಡು, ಗೆದ್ದವರು ಎರಡು ವರ್ಷ ಸುಮ್ಮನೆ ಕಾಯಬೇಕಾಯಿತು. ಅಷ್ಟು ದಿನ ಆಡಳಿತಾಧಿಕಾರಿಗಳೇ ಊರು ನಡೆಸಿದರು. ಅಧ್ಯಕ್ಷರ ಅವಧಿ 30 ತಿಂಗಳು. ಕೆಲಸ ಕಲಿಯುವ ಹೊತ್ತಿಗೆ ಇಳಿಯುವ ಹೊತ್ತು. ಇಂಥದ್ದರಲ್ಲಿ ಒಬ್ಬ ಸದಸ್ಯರು ಒಬ್ಬಂಟಿಯಾಗಿ ಹೊಳೆಯ ವಿಷಯ ಎತ್ತಿದರೆ ಯಾರು ಕೇಳಬೇಕು? ಅವರ ಹಿಂದೆ ವಾರ್ಡಿನ ಜನ ಇರಬೇಕು.

ಆದರೆ ಜನ ಸೇರುವುದಕ್ಕೆ ಜಾಗವೇ ಇಲ್ಲ. ಹಳ್ಳಿಯಲ್ಲಿ ಗ್ರಾಮಸಭೆ ಇದೆ, ವಾರ್ಡ್ ಸಭೆ ಇದೆ. ಆರು ತಿಂಗಳಿಗೊಮ್ಮೆಯಾದರೂ ನಡೆಸಬೇಕು ಅಂತ ಪಂಚಾಯತ್ ರಾಜ್ ಕಾನೂನು ಹೇಳುತ್ತದೆ. ನಗರಗಳಿಗೆ ಸಂವಿಧಾನ ವಾರ್ಡ್ ಸಮಿತಿ ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರಿಗೆ. ನಮ್ಮಂಥ ಊರು ನಡುವೆ ಬಿಟ್ಟುಹೋಗಿದೆ. ಹಳ್ಳಿಯವರಿಗೆ ಇರುವ ಹಕ್ಕು ಇಲ್ಲ, ದೊಡ್ಡ ನಗರದವರಿಗೆ ಇರುವ ಹಕ್ಕೂ ಇಲ್ಲ. ನನ್ನ ದೃಷ್ಟಿಯಲ್ಲಿ ಸಣ್ಣ ಊರುಗಳ ಆಡಳಿತದಲ್ಲಿರುವ ಅತಿ ದೊಡ್ಡ ಕೊರತೆ ಇದು. ಮುಂದೆ ಯಾರೇ ನಿಲ್ಲಲಿ, ಅವರನ್ನು ಮೊದಲು ಕೇಳಬೇಕಾದದ್ದು ವಾರ್ಡ್ ಸಭೆ ಮಾಡುತ್ತೀರಾ ಅಂತ.

ಕಾನೂನು ಕೊಡದಿದ್ದರೆ ನಾವೇ ಸೇರೋಣ ಅಂತ ಹೊಲಿಗೆಯ ಹೆಂಗಸರು, ಸ್ವಸಹಾಯ ಸಂಘದವರು ಮನಸ್ಸು ಮಾಡಿದೆವು. ಭಾನುವಾರ ಸಂಜೆ, ಗುಡಿಯ ಮುಂದಿನ ಚಪ್ಪರದಲ್ಲಿ. ನನ್ನೆದುರು ಗೆದ್ದ ಅಕ್ಕನವರನ್ನೇ ಮೊದಲು ಕರೆದೆವು. ಅವರು ಬಂದರು. ಮನೆಯವರನ್ನು ಕರೆದುಕೊಂಡು ಬರದೆ ಒಬ್ಬರೇ ಬಂದರು, ನೆಲದ ಮೇಲೆ ನಮ್ಮ ಜೊತೆ ಕೂತರು. ವಾಲ್ವ್ ತಿರುಗಿಸುವ ನೀರುಗಂಟಿಯೂ ಬಂದಿದ್ದರು. ಯಾವ ಓಣಿಗೆ ಯಾಕೆ ಒತ್ತಡ ಕಡಿಮೆ ಅಂತ ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದರು. ಅಷ್ಟು ಚೆನ್ನಾಗಿ ಇನ್ಯಾರೂ ನಮಗೆ ಪೈಪಿನ ದಾರಿ ಹೇಳಿಕೊಟ್ಟಿರಲಿಲ್ಲ.

ಆ ಸಂಜೆ ಮೂರು ಪ್ರಶ್ನೆ ಬರೆದೆವು. ನಮ್ಮ ವಾರ್ಡಿನ ಯಾವ ಯಾವ ಚರಂಡಿ ಎಲ್ಲೆಲ್ಲಿ ಹೊಳೆ ಸೇರುತ್ತದೆ? ಎಷ್ಟು ಮನೆಗಳು ಒಳಚರಂಡಿಗೆ ಜೋಡಣೆಯಾಗಿವೆ, ಎಷ್ಟು ಬಾಕಿ? ನೈರ್ಮಲ್ಯಕ್ಕೆ ಕಟ್ಟಿಟ್ಟ ಅನುದಾನದಲ್ಲಿ ಈ ವಾರ್ಡಿನಲ್ಲಿ ಏನು ಕೆಲಸ ಆಗಿದೆ? ಮೆಂಬರ್ ಅಕ್ಕ ಅದನ್ನು ಸಾಮಾನ್ಯ ಸಭೆಯಲ್ಲಿ ಓದಿದರು. ನಡಾವಳಿಯಲ್ಲಿ ಸೇರಿಸಬೇಕು ಅಂತ ಪಟ್ಟು ಹಿಡಿದರು, ಸೇರಿತು. ನಡಾವಳಿಯ ನಕಲು ಈಗ ನನ್ನ ಅಂಗಡಿಯಲ್ಲಿದೆ, ಅಳತೆ ಕೊಡಲು ಬಂದವರೆಲ್ಲ ಓದುತ್ತಾರೆ. ಮೊದಲ ಪ್ರಶ್ನೆಗೆ ಉತ್ತರ ಬಂದಿದೆ. ಉಳಿದೆರಡು ಮುಂದಿನ ಸಭೆಯ ಅಜೆಂಡಾದಲ್ಲಿ ಬರಬೇಕು ಅಂತ ಪತ್ರ ಕೊಟ್ಟಿದ್ದೇವೆ. ಅದಕ್ಕೆ ಸಹಿ ಹಾಕಿದವರಲ್ಲಿ ಕೆಳಗಿನ ಹಳ್ಳಿಯ ಆ ಹಿರಿಯರೂ ಇದ್ದಾರೆ. ಅವರ ಸಹಿ ಲೆಕ್ಕಕ್ಕೆ ಬರುವುದಿಲ್ಲ ಅಂತ ಒಬ್ಬರು ಹೇಳಿದರು. ಇರಲಿ ಬಿಡಿ ಅಂತ ಮೆಂಬರ್ ಅಕ್ಕನೇ ಹೇಳಿ, ಪತ್ರವನ್ನು ಹಾಗೇ ಒಳಗೆ ತೆಗೆದುಕೊಂಡು ಹೋದರು.